ಅವನದು ದಮ್ಮು, ಇವಳದು ಕ್ಷಯ

ಕೋಲಾರ
9 ಫೆಬ್ರವರಿ 1983

ಕೋದಂಡರಾಮಪ್ಪನವರಿಗೆ,

ತಂಗಿಯ ಗಂಡನಿಗೆ ಬರೆಯುವಾಗ ಮೊದಲು ಕ್ಷೇಮ ವಿಚಾರಿಸಬೇಕು. ನಿಮ್ಮ ಕ್ಷೇಮದ ವಿಚಾರವೇ ಪತ್ರದ ತುಂಬ ಇರುವುದರಿಂದ ಇಲ್ಲಿ ಬೇರೆಯಾಗಿ ಕೇಳುವುದಿಲ್ಲ.

ರತ್ನ ಬದುಕುತ್ತಾಳೆ. ನಿಮ್ಮ ಮನೆಯಲ್ಲಿ ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ. ರಾಯಲ್ಪಾಡಿನಲ್ಲಿ ಅವಳೊಬ್ಬಳನ್ನೇ ಬಸ್ಸು ಹತ್ತಿಸಿದಿರಲ್ಲ, ಆಗ ಅವಳಿಗೆ ಮೈ ಸುಡುವ ಜ್ವರ, ನಿಂತರೆ ಏದುಸಿರು. ಸೊಸೆಯನ್ನು ತವರಿಗೆ ಕಳಿಸುವಾಗ ಮಡಿಲು ತುಂಬುತ್ತಾರೆ. ನಿಮ್ಮ ಮನೆಯವರು ಅವಳಿಗೆಂದು ಬೇರೆ ಇಟ್ಟಿದ್ದ ತಟ್ಟೆ ಲೋಟ ಕಟ್ಟಿಕೊಟ್ಟರು.

ಇಲ್ಲಿಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಎರಡೂ ಶ್ವಾಸಕೋಶದ ತುಂಬ ಸಣ್ಣ ಚುಕ್ಕೆ. "ರಾಗಿ ಚೆಲ್ಲಿದಂಗೆ ಕಾಣ್ತದೆ ನೋಡಿ ಮೇಡಂ" ಎಂದರು. ಕ್ಷಯವೇ, ಆದರೆ ರಕ್ತದಲ್ಲಿ ಹರಿದು ಎಲ್ಲೆಡೆ ಬಿತ್ತಿಕೊಂಡ ಕ್ಷಯ. ರೋಗಿ ಹಾಸಿಗೆ ಹಿಡಿದು ಸೊರಗುತ್ತಾಳೆ, ಕೆಮ್ಮು ಕಡಿಮೆ, ಕಫ ಹೆಸರಿಗಷ್ಟೇ. ಅವಳ ಕಫದಲ್ಲಿ ಕ್ರಿಮಿ ಸಿಗಲೇ ಇಲ್ಲ. ಇಂಥವರಿಂದ ಮನೆಯವರಿಗೆ ಅಂಟುವುದು ಅಪರೂಪವಂತೆ. ಇನ್ನೊಂದು ಬಗೆ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಲ ಕೊರೆದು ಕೂರುತ್ತದೆ. ಆ ರೋಗಿ ಎದ್ದು ಓಡಾಡುತ್ತಾನೆ, ಕಚೇರಿಗೆ ಹೋಗುತ್ತಾನೆ, ಮೀಸೆ ತಿದ್ದುತ್ತಾನೆ. ವರ್ಷಗಟ್ಟಲೆ ಕೆಮ್ಮಿ ಕಫ ಉಗುಳುತ್ತಾನೆ, ಒಮ್ಮೊಮ್ಮೆ ರಕ್ತ. ಕೆಮ್ಮಿದಾಗೆಲ್ಲ ಹಂಚುತ್ತಾನೆ. ಇಷ್ಟು ಹೇಳಿ ಡಾಕ್ಟರು, "ಮನೇಲಿ ಯಾರಿಗೆ ಕೆಮ್ಮಿದೆ?" ಎಂದು ಕೇಳಿದರು.

ರತ್ನ ನೆಲ ನೋಡುತ್ತ ಯಾರಿಗೂ ಇಲ್ಲ ಎಂದಳು. ನಾನು ನಿಮ್ಮ ಹೆಸರು ಹೇಳಿದೆ.

ದೀಪಾವಳಿಗೆ ನಾನು ನಿಮ್ಮ ಮನೆಗೆ ಬಂದಾಗ ನೀವು ಜಗಲಿಯಲ್ಲಿ ಕೂತು ಕೆಮ್ಮುತ್ತಿದ್ದುದನ್ನು ಕಂಡು ಇದೇನೆಂದು ಕೇಳಿದ್ದೆ. ನಿಮ್ಮ ತಾಯಿ ದೊಡ್ಡಮುನಿಯಮ್ಮನವರು, "ನನ್ ಮಗಂದು ದಮ್ಮು ಕಣಮ್ಮ. ಬೀಡಿ ಸೇದೋ ಗಂಡಸಿಗೆ ಬರ್ದೆ ಇನ್ಯಾರಿಗೆ ಬರ್ತದೆ" ಎಂದು ಹೆಮ್ಮೆಯಿಂದ ಹೇಳಿದರು. ರತ್ನ ಹಾಸಿಗೆ ಹಿಡಿದ ಮೇಲೆ ಅದೇ ಬಾಯಿ ಪಕ್ಕದ ಮನೆಯವರಿಗೆ ತೆಲುಗಿನಲ್ಲಿ "ವಾಡಿದಿ ದಮ್ಮು, ದೀನಿದಿ ಕ್ಷಯ" ಎಂದಿತಂತೆ. ಅವನದು ದಮ್ಮು, ಇವಳದು ಕ್ಷಯ. ಪದ್ಯ ಓದಿಕೊಂಡು ಬದುಕಿದವಳು ನಾನು. ಎರಡೇ ಪದ ಸೇರಿ ಗಂಡಸನ್ನು ಒಳಗಿಟ್ಟು ಹೆಂಗಸನ್ನು ಬೀದಿಗೆ ಹಾಕಿದ್ದನ್ನು ಎಲ್ಲೂ ಓದಿಲ್ಲ.

ಈಗ ಭಾರತಿಯ ಮಾತು. ನಿಮ್ಮ ಮಗಳು ಸಂಜೆಯೆಲ್ಲ ನಿಮ್ಮೆದುರು ಕೂತು ಲೆಕ್ಕ ಹೇಳಿಸಿಕೊಳ್ಳುತ್ತಾಳೆ, ನಿಮ್ಮ ಮಗ್ಗುಲಲ್ಲೇ ಮಲಗುತ್ತಾಳೆ. ಅವಳಿಗಾಗಿಯಾದರೂ ಕಫ ಪರೀಕ್ಷೆ ಮಾಡಿಸಿಕೊಳ್ಳಿ. ಜಗಲಿಗೆ ಧಾರಾಳವಾಗಿ ಕೊಡುವುದನ್ನು ಡಾಕ್ಟರ ಡಬ್ಬಿಗೂ ಸ್ವಲ್ಪ ಕೊಡಿ. ನಾನು ಹೇಳಿ ಕಳಿಸಿದಾಗ "ನಾಲ್ಕು ಜನ ಏನಂತಾರೆ, ನನ್ ಮರ್ಯಾದೆ ಏನಾಗ್ಬೇಕು" ಎಂದಿರಂತೆ. ಹೆಂಡತಿಯನ್ನು ತಟ್ಟೆ ಸಮೇತ ಬಸ್ಸು ಹತ್ತಿಸಿದ ದಿನ ಆ ನಾಲ್ಕು ಜನ ಊರಲ್ಲಿರಲಿಲ್ಲವೇ? ಸೋಮವಾರ ಕೋಲಾರಕ್ಕೆ ಬನ್ನಿ. ನಿಮ್ಮನ್ನು ಕಂಡರೆ ನನಗೆ ಅಸಹ್ಯ, ಆದರೂ ಆಸ್ಪತ್ರೆಗೆ ಜೊತೆಯಲ್ಲಿ ಬರುತ್ತೇನೆ. ಏನೂ ತಿಳಿಯದವರಿಗೆ ತಿಳಿಸಿ ಹೇಳುವುದೇ ಕಾಲೇಜಿನಲ್ಲಿ ನನ್ನ ಕೆಲಸ.

ಇತಿ,
ನಿಮ್ಮ ಹೆಂಡತಿಯ ಅಕ್ಕ
ಗಂಗರತ್ನಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ರತ್ನಳಿಗೆ ಓದಿ ಹೇಳಿದೆ. "ಅವ್ರಿಗೆ ಏನೂ ತಿಳೀದು ಅಂತ ಮಾತ್ರ ಬರೀಬೇಡ ಕಣೇ ಅಕ್ಕ" ಎಂದಳು. ಎರಡು ವರ್ಷದ ಹಿಂದೆಯೇ ನೀವು ಆಂಧ್ರದ ಕಡೆ ಹೋಗಿ ಕಫ ತೋರಿಸಿ, ಕ್ಷಯವೆಂದು ತಿಳಿದು, ಕೆಲವು ವಾರ ಸೂಜಿ ಹಾಕಿಸಿಕೊಂಡು, ಜ್ವರ ಬಿಟ್ಟ ಕೂಡಲೇ ನಿಲ್ಲಿಸಿದಿರಂತೆ. "ಯಾರು ಕೇಳಿದ್ರೂ ದಮ್ಮು ಅನ್ನು, ಬಾಯಿ ಬಿಟ್ರೆ ಮಗಳ ಮೇಲಾಣೆ" ಎಂದು ಅವಳಿಂದ ಆಣೆ ಹಾಕಿಸಿಕೊಂಡಿರಂತೆ. ಇಷ್ಟು ದಿನ ನಿಮ್ಮನ್ನು ದಡ್ಡನೆಂದು ತಿಳಿದಿದ್ದೆ. ಅದು ನಿಮಗೆ ಸಲ್ಲದ ಗೌರವ. ಸೋಮವಾರ ಆಸ್ಪತ್ರೆಗೆ ಒಬ್ಬರೇ ಹೋಗಿ, ಅಲ್ಲಿ ಏನು ಹೇಳಬೇಕೆಂದು ನಿಮಗೆ ಗೊತ್ತಿದೆ. ನಾನು ರಾಯಲ್ಪಾಡಿಗೆ ಬರುತ್ತೇನೆ. ಭಾರತಿಯ ಬಟ್ಟೆ ಕಟ್ಟಿಡಿ.