ಕರಿ ರಾಣಿಗಿ ಬಿಳಿ ಮುಖ

ಖೂಬಾ ಪ್ಲಾಟ್, ಕಲಬುರಗಿ

ಪ್ರಕಾಶಕ ವಿಜಯೀಂದ್ರ ಅವರಿಗೆ ಜೈಭೀಮ.

ನನ್ನ ‘ತೋಳದ ರಾಣಿ’ ಕಾದಂಬರಿಯ ಮರುಮುದ್ರಣ ಕೈ ಸೇರಿತು. ಮುಖಪುಟ ನೋಡಿ ಹೇಸಿಗಿ ಬಂತ್ರೀ.

ನಾ ಬರೆದ ರಾಣಿ ಕರಿ ಮೈಯಾಕಿ. ಗದ್ದದ ಮ್ಯಾಲ ಹಚ್ಚೆಬೊಟ್ಟು, ಕೈಯಾಗ ಕುಡುಗೋಲು. ರೆಕ್ಕಿ ಇರೋ ತೋಳದ ಮ್ಯಾಲ ಕುಂತು ಮುಗಿಲಿಗಿ ಏರತಾಳ. ನೀವು ಅಚ್ಚು ಹಾಕಿಸಿದಾಕಿ ಹಾಲಿನಂಥ ಬಿಳುಪು, ಮೈತುಂಬ ಬಂಗಾರ, ಗದ್ದ ನುಣ್ಣಗ. ತೋಳಕ್ಕೂ ಗೆಜ್ಜಿ ಕಟ್ಟೀರಿ! ಫೋನ್ ಮಾಡಿ ಕೇಳಿದ್ರ, “ರಾಣಿ ಅಂದಮ್ಯಾಗ ಮುಖದಾಗ ಲಕ್ಷಣ ಬೇಕಲ್ರೀ ಮೇಡಂ” ಅಂದ್ರಿ. ಆವತ್ತಿನಿಂದ ಆ ಪುಸ್ತಕ ಮುಟ್ಟಾಕ ಮನಸ್ಸಿಲ್ಲ.

ಇದರ ಜೋಡಿ ಕಳಿಸಿದ ಚಿತ್ರ ನೋಡ್ರಿ. ಕಮಲಾಪುರದಾಗ ಬ್ಯೂಟಿ ಪಾರ್ಲರ್ ನಡೆಸೋ ತ್ರಿವೇಣಿ ಕಾದಂಬರಿ ಓದಿ ಕಾಡಿಗಿಲೇ ತೆಗೆದದ್ದು. ದಿನಾ ಮಂದಿ ಮುಖಕ್ಕ ಬ್ಲೀಚ್ ಮಾಡಾಕಿ, ನನ್ನ ರಾಣಿಗಿ ಮಾಡಿಲ್ಲ. ಚಿತ್ರ ಬಂದ ದಿನ ನಾ ಓಣಿ ತುಂಬ ತೋರಿಸಿ ಬಂದೆ.

ಆಮ್ಯಾಲ ಎರಡನ್ನೂ ಮಹಾಗಾಂವಕ್ಕ ಒಯ್ದು ಅವ್ವಗ ತೋರಿಸಿದೆ. ಅವ್ವಗ ಓದು ಬರಂಗಿಲ್ಲ. ನಿಮ್ಮ ಮುಖಪುಟ ನೋಡಿ, “ಚೆಂದ ಅದಾಳ. ಪ್ರಕಾಶಕರ ಮಗಳೇನು?” ಅಂದಳು. ತ್ರಿವೇಣಿ ತೆಗೆದ ಚಿತ್ರ ನೋಡಿ ತನ್ನ ಗದ್ದದ ಹಚ್ಚೆಬೊಟ್ಟು ಮುಟ್ಟಿಕೊಂಡಳು.

ಎರಡನೇ ಭಾಗ ಬರೆದು ಮುಗಿಸೀನಿ. ತ್ರಿವೇಣಿ ಚಿತ್ರ ಮುಖಪುಟಕ್ಕ ಬಂದ್ರ ಕೊಡ್ತೀನಿ, ಇಲ್ಲಾಂದ್ರ ಇಲ್ಲ. ಚಿತ್ರ ಮಡಚಬ್ಯಾಡ್ರಿ, ಕಾಡಿಗಿ ಅಳಿಸ್ತದ.

ಲಕ್ಷಣದ ಮಾತು ಇನ್ನೊಮ್ಮೆ ಆಡೋದಿದ್ರ ಮಹಾಗಾಂವಕ್ಕ ಬರ್ರಿ. ಅವ್ವನ ಮುಂದ ಕುಂತು ಆಡ್ರಿ.

ಪಂಚಶೀಲಾ