ಬಾಣಂತಿ ಕೋಣೆಯ ಗೋಡೆ

ಆಲಮೇಲ,
ತಾ. ೨೩ ನವೆಂಬರ್ ೧೯೫೮

ಮಗಳು ಕಸ್ತೂರೆವ್ವನಿಗೆ ಅಪ್ಪ ಮಾಡುವ ಆಶೀರ್ವಾದ.

ಊಟ ಸೇರುತ್ತದೆಯೇ? ಕಾಲಿನ ಬಾವು ಇಳಿಯಿತೇ? ಎಂಟು ತಿಂಗಳು ತುಂಬಿದೆ, ಇನ್ನು ಕೊಡ ಎತ್ತಬೇಡ. ನಿಮ್ಮ ಇಂಡಿ ಊರಿನ ನೀರು ಭಾರ ಎಂದು ನಿನ್ನ ಅವ್ವ ಹೇಳುತ್ತಲೇ ಇರುತ್ತಾಳೆ, ಬೆರಳು ಮಡಚಿ ದಿನವನ್ನೂ ಎಣಿಸುತ್ತಾಳೆ. ನಾವು ಆರಾಮ ಇದ್ದೇವೆ, ದಣಿದಿದ್ದೇವೆ, ಅಷ್ಟೇ.

ಶ್ರಾವಣದ ಮಳೆಗೆ ಹಿತ್ತಲ ಕೋಣೆ ಬಿದ್ದದ್ದು ನಿನಗೆ ಗೊತ್ತು. ಉಳಿದದ್ದು ಪಡಸಾಲೆ, ಅದರಲ್ಲಿ ಅರ್ಧ ನನ್ನ ಬೆಲ್ಲದ ಅಂಗಡಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ, ನೀನು ಬರುವುದರೊಳಗೆ ಹೊಸ ಕೋಣೆ ಎಬ್ಬಿಸಲು ಹೊರಟೆ. ಭೀಮೆಯ ದಂಡೆಯ ಇಟ್ಟಂಗಿ ಸಸ್ತಾ ಎಂದರು. ಒಂದನ್ನು ತಂದು ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ, ಬೆಳಿಗ್ಗೆ ಅರ್ಧ ಕೆಸರಾಗಿತ್ತು. ಸಿಮೆಂಟಿಗೆ ಪರ್ಮಿಟ್ ಬೇಕು, ಅದು ಬರುವಷ್ಟರಲ್ಲಿ ಕೂಸು ಸಾಲಿಗೆ ಹೋಗುತ್ತದೆ. ಸುಣ್ಣದ ಗಾರೆ ಗಟ್ಟಿ, ಆದರೆ ಅರೆಯಲು ಜೋಡೆತ್ತು ಬೇಕು, ನನ್ನಲ್ಲಿರುವುದು ಒಂದು, ಅದೂ ಕುಂಟು. ಬರೀ ಕಲ್ಲು ಪೇರಿಸಿದರೆ ಸಂದಿಯಲ್ಲಿ ಚೇಳು ಸೇರುತ್ತವೆ. ಎಲ್ಲ ತೂಗಿ ನೋಡಿ, ಬಿದ್ದ ಗೋಡೆಯ ಕಲ್ಲಿಗೆ ಹದವಾದ ಕೆಸರು ತುಂಬಿ ಎರಡು ಮೊಳ ದಪ್ಪ ಕಟ್ಟಿಸುವುದೆಂದು ನಿಶ್ಚಯಿಸಿದೆ. ಪುಷ್ಯದ ಥಂಡಿಗೆ ದಪ್ಪ ಗೋಡೆ ಬೆಚ್ಚಗಿರುತ್ತದೆ.

ಗೌಂಡಿ ಜೈನುದ್ದೀನ ಮೊದಲ ದಿನವೇ ಅಂದಿದ್ದ, "ಖಂಡೆಪ್ಪಣ್ಣ, ಒಂದ ಮೊಳ ಸಾಕ್ರಿ. ದಪ್ಪ ಗ್ವಾಡಿ ಕುಡದ ನೀರ ಲಗೂನ ಬಿಡಂಗಿಲ್ಲ." ನಾನು, "ಕೂಸು ಥಂಡ್ಯಾಗ ನಡಗಿದ್ರ ನೀ ಬಂದ ಅಪ್ಪಕೊಂಡ ಕುಂದರ್ತಿಯೇನು?" ಎಂದೆ. ಅವನು ನಕ್ಕು ಅಳತೆಯ ದಾರ ಹಿಡಿದ. ಬಾಯಿ ಇದ್ದವನ ಮಾತು ಕೆಲಸ ಬಲ್ಲವನ ಮಾತನ್ನು ಗೆದ್ದಿತು.

ದೀಪಾವಳಿಗೆ ಮೊದಲೇ ಗೋಡೆ ಎದ್ದಿತು, ಜಂತಿ ಹಾಕಿ ಮಾಳಿಗೆಗೆ ಮಣ್ಣೂ ಬಿತ್ತು. ಅಂದಿನಿಂದ ಒಳಗೆ ಸಗಣಿ ಕುಳ್ಳಿನ ಬೆಂಕಿ ಇಡುತ್ತಿದ್ದೇವೆ. ಮೇಲೆ ಒಣಗಿದಂತೆ ಕಾಣುತ್ತದೆ, ಅಂಗೈ ಒತ್ತಿದರೆ ತಣ್ಣಗೆ ಅಂಟುತ್ತದೆ. ನಿನ್ನ ಅವ್ವ ಸಿದ್ದಲಿಂಗವ್ವ ಒಂದು ರಾತ್ರಿ ಅಲ್ಲೇ ಮಲಗಿ ನೋಡಿದಳು. ಬೆಳಿಗ್ಗೆ ಕೌದಿಯನ್ನು ತಂದು ನನ್ನ ಕೈಯಲ್ಲಿಟ್ಟು, "ಹಿಂಡಿ ನೋಡ್ರಿ" ಎಂದಳು. ಬೆಲೆ, ಗಟ್ಟಿತನ, ಚೇಳು, ಥಂಡಿ ಎಲ್ಲ ತೂಗಿದ್ದೆ ಮಗಳೇ. ಒಣಗಲು ಬೇಕಾದ ದಿನಗಳನ್ನು ಮಾತ್ರ ತೂಗಲಿಲ್ಲ. ಜೈನುದ್ದೀನನನ್ನು ಕೇಳಿದರೆ, "ಬ್ಯಾಸಗಿ ಬರ್ಲಿರಿ" ಎನ್ನುತ್ತಾನೆ.

ಅಳಿಯಂದಿರಿಗೂ ಬೀಗರಿಗೂ ನಮ್ಮ ಶರಣು ತಿಳಿಸು. ನೀನು ಸುಖವಾಗಿ ಹಡೆದು ಎದ್ದರೆ ನಮಗೆ ಅಷ್ಟೇ ಸಾಕು.

ನಿನ್ನ ಅಪ್ಪ,
ಖಂಡೆಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ನೀನು ಬರಬೇಡ. ಬುಧವಾರದ ಬಸ್ಸಿಗೆ ಅವ್ವನೇ ಅಲ್ಲಿಗೆ ಬರುತ್ತಾಳೆ. ಬೆಲ್ಲ, ಕೊಬ್ಬರಿ, ತುಪ್ಪ ಎಲ್ಲ ಹೊತ್ತು ತರುತ್ತಾಳೆ, ಬಾಣಂತನ ಮುಗಿಸಿಯೇ ಹಿಂತಿರುಗುತ್ತಾಳೆ. ತವರಿನವರಿಗೆ ಚೊಚ್ಚಲು ಮಾಡುವ ಯೋಗ್ಯತೆ ಇಲ್ಲವೆಂದು ನಿಮ್ಮ ಅತ್ತೆ ಅಂದರೆ ಎದುರಾಡಬೇಡ. ಗೋಡೆ ಹಸಿ ಇದೆ, ಲೆಕ್ಕ ತಪ್ಪಿದವನು ನಮ್ಮಪ್ಪ ಎಂದು ಹೇಳಿ, ಅವ್ವನಿಗೆ ನಿನ್ನ ಪಕ್ಕದಲ್ಲಿ ಹಾಸು.