ಎರಡು ಲೋಡ್ ಮಣ್ಣು

ಫೆಬ್ರವರಿ 16, ಭಾನುವಾರ

ಕೈಗುದ್ದಲಿಯ ಹಿಡಿ ಮತ್ತೆ ಸಡಿಲ. ಹಳೇ ಬಟ್ಟೆ ಸುತ್ತಿ ಬಿಗಿ ಮಾಡಿಕೊಂಡೆ. ಬೆಳಿಗ್ಗೆಯಿಂದ ಹಿತ್ತಲಿನಲ್ಲೇ. ಒಣಗಿದ ಬೀನ್ಸ್ ಬಳ್ಳಿ ಕಿತ್ತು, ಎಲೆ ಗುಡಿಸಿ, ಗುಲಾಬಿಯ ಸತ್ತ ಕೊಂಬೆ ಕತ್ತರಿಸಿದ್ದಾಯಿತು. ಹೊಲಿಗೆಯ ಕತ್ತರಿಯಲ್ಲಿ ಅಲ್ಲ. ಹೋದ ವರ್ಷ ಆ ತಪ್ಪು ಮಾಡಿ, ಮೊಂಡಾದ ಕತ್ತರಿಯಲ್ಲಿ ತಿಂಗಳುಗಟ್ಟಲೆ ಗಿರಾಕಿಗಳ ಬಟ್ಟೆಯ ಅಂಚು ಹರಿದೆ.

ಚಳಿ ಹಿಂದೆಗೆಯುತ್ತಿದೆ. ನೆಲದ ಮೇಲ್ಪದರ ಮೆತ್ತಗೆ, ಒಂದು ಗೇಣು ಕೆಳಗೆ ಇನ್ನೂ ಕಲ್ಲಿನ ಹಾಗೆ ಗಟ್ಟಿ. ಈ ಸಲ ಮೂರು ಪಾತಿ — ಟೊಮೆಟೊ, ಬೀನ್ಸ್, ಸೊಪ್ಪು. ಬಿಸಿಲು ಚೆನ್ನಾಗಿ ಬೀಳುವುದು ಹಿಂದಿನ ಗೋಡೆಯ ಪಕ್ಕ ಮಾತ್ರ. ಅಲ್ಲಿಯ ಮಣ್ಣೋ, ಬರೀ ಜಲ್ಲಿ. ಹೊಸದು ತರಿಸಬೇಕು.

ಇವರು ಬಸ್ ಡಿಪೋದಿಂದ ಬಂದು, ಗ್ರೀಸ್ ಮೆತ್ತಿದ ಕೈಯಲ್ಲೇ ಬಾಗಿಲಲ್ಲಿ ನಿಂತು ಕೇಳಿದರು, "ಒಂದು ಲೋಡ್ ಸಾಲದಾ?"

"ಎರಡಿರಲಿ" ಅಂದೆ. ಆಸೆಬುರುಕಿ ನಾನು.

ಫೆಬ್ರವರಿ 19

ಮಣ್ಣು ಬಂತು. ಕರೀ ಮಣ್ಣು, ಗೊಬ್ಬರ ಬೆರೆತದ್ದು, ಹಿಂಡಿದರೆ ಮುದ್ದೆಯಾಗುತ್ತದೆ, ಬಿಟ್ಟರೆ ಉದುರುತ್ತದೆ. ಲಾರಿಯವನು "ಎಲ್ಲಿ ಸುರೀಲಿ ಅಮ್ಮಾ?" ಅಂದ. ಗೋಡೆಯ ಪಕ್ಕವೇ ತೋರಿಸಿದೆ. ಎರಡು ಸಲ ಹೊರುವ ಕೆಲಸ ತಪ್ಪಲಿ ಅಂತ. ಗೋಡೆಯ ತಲೆಯವರೆಗೂ ಗುಡ್ಡೆ ಏರಿತು.

ಕಿಟಕಿಯಲ್ಲಿ, ಹೊಲಿಗೆ ಮೆಷಿನ್ ಪಕ್ಕ, ದಾರದ ಡಬ್ಬಗಳಲ್ಲಿ ಟೊಮೆಟೊ ಮೊಳಕೆ. ಸೂಜಿಯ ತಲೆಯಷ್ಟು ಹಸಿರು.

ಫೆಬ್ರವರಿ 23, ಭಾನುವಾರ

ಮಣ್ಣು ಹರಡುವಾಗ ಕೈಗುದ್ದಲಿ ಜಾರಿ ಗೋಡೆಯ ಮೇಲೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಬಿರುಕು. ನೆತ್ತಿಯಿಂದ ಕೆಳಕ್ಕೆ, ಓರೆಯಾಗಿ. ಬೆಂಕಿಕಡ್ಡಿ ಸಲೀಸಾಗಿ ಒಳಗೆ ಹೋಯಿತು.

ಟೇಪು ತಂದು ಅಳೆದೆ. ಕಾಲು ಇಂಚು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಎರಡೂ ಬದಿಗೆ ಗೀಟು ಎಳೆದಿದ್ದೇನೆ.

ಇವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. "ಮೂವತ್ತು ವರ್ಷದ ಗೋಡೆ. ನಿನ್ ಮುಖದಲ್ಲೂ ಸುಕ್ಕು ಬಂದಿಲ್ವಾ?"

ನಗು ಬರಲಿಲ್ಲ. ನಮ್ಮ ಹಿತ್ತಲು ದಿಬ್ಬದ ಮೇಲೆ. ಅದನ್ನು ಹಿಡಿದು ನಿಲ್ಲಿಸಿರುವುದೇ ಆ ಗೋಡೆ, ಕೆಳಗಿನಿಂದ ಒಂದೂವರೆ ಆಳೆತ್ತರ. ಅದರ ಕೆಳಗೆ ಟೀಚರ ಮನೆ. ಗೋಡೆಯಿಂದ ನಾಲ್ಕೇ ಅಡಿಗೆ ಒಂದು ಕಿಟಕಿ. ಆ ಕಿಟಕಿಯ ಒಳಗೆ ಟೀಚರ ಅಕ್ಕನ ಮಂಚ. ಅಕ್ಕ ಮೂರು ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ.

ಫೆಬ್ರವರಿ 26

ಮಳೆ, ಸಣ್ಣಗೆ, ಇಡೀ ದಿನ. ಮಣ್ಣು ಸ್ಪಂಜಿನ ಹಾಗೆ ಕುಡಿಯುತ್ತಿದೆ.

ಅರ್ಧ ಇಂಚು.

ಟೀಚರಿಗೂ ನಮಗೂ ಮಾತು ಬಿಟ್ಟು ನಾಲ್ಕು ವರ್ಷ. ನಮ್ಮ ಹಿತ್ತಲ ನೀರು ಗೋಡೆಯ ತೂತುಗಳಿಂದ ಇಳಿದು ಅವರ ಅಂಗಳ ರಾಡಿ ಮಾಡುತ್ತದೆ ಅಂತ ಜಗಳ ಶುರು. ನಾಯಿಬುದ್ಧಿಯವರು ಅಂದರು ಟೀಚರು, ಬೀದಿಯಲ್ಲಿ ನಿಂತು. ಇವರು ಅಂದದ್ದು ಇಲ್ಲಿ ಬರೆಯಲಾರೆ. ಅವತ್ತಿನಿಂದ ಅಂಗಡಿಯಲ್ಲಿ ಎದುರಾದರೆ ಅವರು ಸೋಪು ನೋಡುತ್ತಾರೆ, ನಾನು ಬೆಲೆಚೀಟಿ.

ಫೆಬ್ರವರಿ 27

ಇವತ್ತು ಹೊಲಿಗೆ ಮುಟ್ಟಿಲ್ಲ. ಗೋಡೆಯ ಪಕ್ಕದ ಮಣ್ಣನ್ನು ಬಕೆಟ್ಟಿನಲ್ಲಿ ತುಂಬಿ ಮನೆಯ ಕಡೆಗೆ ಹೊತ್ತೆ. ನಲವತ್ತು ಬಕೆಟ್ ಆದ ಮೇಲೆ ಸೊಂಟ ಮುಷ್ಕರ ಹೂಡಿತು. ಒದ್ದೆ ಮಣ್ಣು ಸೀಸದ ಹಾಗೆ. ಗುಡ್ಡೆ ಇದ್ದ ಹಾಗೇ ಇದೆ. ಆನೆಯ ಮೈಯಿಂದ ಒಂದು ಕೂದಲು ಕಿತ್ತಂತೆ.

ಗೋಡೆಯಾಚೆ ಬಗ್ಗಿ ನೋಡಿದೆ. ಕಿಟಕಿಯಲ್ಲಿ ನೀಲಿ ಕಂಬಳಿ. ಅಕ್ಕ ನನ್ನನ್ನೇ ನೋಡುತ್ತಿದ್ದರು. ಕೈ ಎತ್ತಿದರು. ನಾನೂ ಎತ್ತಿದೆ. ಕಳ್ಳಿಯ ಹಾಗೆ ಒಳಗೆ ಬಂದುಬಿಟ್ಟೆ.

ಮಾರ್ಚ್ 1, ಶನಿವಾರ

ಇವರಿಗೆ ಹೇಳದೆ ಮೇಸ್ತ್ರಿಯನ್ನು ಕರೆಸಿದೆ. ತೂಗುಗುಂಡು ಇಳಿಬಿಟ್ಟು ನೋಡಿದ, ನಾಲಿಗೆ ಲೊಚಗುಟ್ಟಿದ.

"ಅಮ್ಮಾ, ಗೋಡೆ ಹೊಟ್ಟೆ ಬಿಟ್ಟಿದೆ. ನೀರು ಹೋಗೋಕೆ ತೂತೇ ಇಲ್ಲ."

"ಇತ್ತು..."

"ಇತ್ತು. ಯಾರೋ ಸಿಮೆಂಟ್ ಮೆತ್ತಿ ಮುಚ್ಚಿದಾರೆ. ಬುದ್ಧಿ ಇರೋರು ಮಾಡೋ ಕೆಲಸ ಅಲ್ಲ."

ಮುಚ್ಚಿದ್ದು ಇವರು. ಜಗಳದ ಮಾರನೇ ದಿನ. "ಇನ್ನು ಒಂದು ಹನೀನೂ ಇಳಿಯಲ್ಲ, ಸಾಯ್ಲಿ" ಅಂತ. ಸಿಮೆಂಟ್ ಕಲಸಿ ಕೊಟ್ಟವಳು ನಾನು.

"ಕೆಳಗಿನೋರಿಗೆ ಹೇಳಿ" ಅಂದ ಮೇಸ್ತ್ರಿ. "ಇವತ್ತೇ ಹೇಳಿ. ಅದರ ಕೆಳಗೆ ಯಾರೂ ನಿಲ್ಲೋ ಹಾಗಿಲ್ಲ."

ಸಂಜೆ ಇವರ ಮುಂದೆ ಇಟ್ಟೆ. ಕೆಂಡವಾದರು.

"ನಾವಾಗೇ ಹೋಗಿ ಹೇಳೋದಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ ಹಾಗೆ. ಬುಧವಾರ ರಜ ಹಾಕ್ತೀನಿ, ನಾಲ್ಕು ಜನ ಹಿಡಿದು ಮಣ್ಣು ತೆಗೆಸ್ತೀನಿ. ಅಲ್ಲಿವರೆಗೂ ಬಾಯಿ ಮುಚ್ಕೊಂಡಿರು."

"ಅಷ್ಟರಲ್ಲಿ ಬಿದ್ದರೆ?"

"ನಿನ್ನ ಬಾಯಲ್ಲಿ ಒಳ್ಳೇದೇ ಬರಲ್ಲ."

ಮುಕ್ಕಾಲು ಇಂಚು.

ಮಾರ್ಚ್ 2

ಟೀಚರ ಗೇಟಿನವರೆಗೂ ಹೋದೆ. ಚಿಲಕಕ್ಕೆ ಕೈ ಹಾಕಿದೆ. ವಾಪಸ್ ಬಂದೆ. ಏನು ಹೆದರಿಕೆ? ಬೈಯುತ್ತಾರೆ, ಅಷ್ಟೇ ತಾನೆ... ಅಷ್ಟೇ ಅಲ್ಲ. ಇವರನ್ನು ಬಿಟ್ಟುಕೊಟ್ಟ ಹಾಗೆ. ಮೊದಲು ಬಗ್ಗಿದವಳು ನಾನಾದ ಹಾಗೆ. ಇಷ್ಟು ಸಣ್ಣದಕ್ಕೆ ಒಬ್ಬ ಹೆಂಗಸನ್ನು ಗೋಡೆಯ ಕೆಳಗೆ ಮಲಗಿಸಿದ್ದೇನೆ.

ಇಲ್ಲಿ ಬರೆಯುವುದು ಸುಲಭ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7

ಒಂದು ಇಂಚು ದಾಟಿದೆ. ಮಳೆಗೆ ಅಳಿಸಿ ನೆನ್ನೆ ಹೊಸದಾಗಿ ಎಳೆದ ಗೀಟುಗಳು ಒಂದಕ್ಕೊಂದು ನೇರಕ್ಕಿಲ್ಲ. ಕೆಳಗಿನದು ಹೊರಗೆ ಸರಿದಿದೆ. ಮಧ್ಯಾಹ್ನದಿಂದ ಜೋರು ಮಳೆ ಅಂತ ರೇಡಿಯೊ. ಇವರು ಡ್ಯೂಟಿಗೆ ಹೋದರು.

ಹೋಗುತ್ತೇನೆ. ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಅದೇ ದಿನ, ಸಂಜೆ 6

ಕ್ರಮವಾಗಿ ಬರೆಯಬೇಕು.

ಟೀಚರೇ ಬಾಗಿಲು ತೆಗೆದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ದೂರದಿಂದ ಗೊತ್ತಾಗಿರಲಿಲ್ಲ.

"ಏನು?"

"ಟೀಚರೇ, ನಮ್ಮ ಗೋಡೆ ಬೀಳುತ್ತೆ. ಅಕ್ಕನ್ನ ಆ ರೂಮಿಂದ ಈಚೆ ತರಬೇಕು. ಈಗಲೇ."

ಕಣ್ಣು ಮಿಟುಕಿಸದೆ ನೋಡಿದರು. "ಯಾವತ್ತಿಂದ ಗೊತ್ತು ನಿನಗೆ?"

ಸುಳ್ಳು ಹೇಳಬಹುದಿತ್ತು. "ಒಂಬತ್ತು ದಿನ."

"ಒಂಬತ್ತು ದಿನ." ಮಕ್ಕಳ ತಪ್ಪು ಉತ್ತರವನ್ನು ಮತ್ತೊಮ್ಮೆ ಓದುವ ಹಾಗೆ ಅಂದರು. ಬಾಗಿಲು ಮುಖಕ್ಕೆ ಹಾಕುತ್ತಾರೆ ಅಂದುಕೊಂಡೆ. ಒಳಗೆ ತಿರುಗಿದರು. "ನಿಂತೇ ಇರ್ತೀಯಾ? ಬಾ, ಕಾಲಿನ ಕಡೆ ಹಿಡ್ಕೋ."

ಮಂಚ ಬಾಗಿಲಲ್ಲಿ ಹಿಡಿಸಲಿಲ್ಲ. ಕಂಬಳಿಯ ಸಮೇತ ಎತ್ತಿದೆವು. ಅಕ್ಕ ಹಕ್ಕಿಯಷ್ಟು ಹಗುರ. ನಡುವೆ ತೂಗಾಡುತ್ತಾ ನನ್ನ ಮುಖ ನೋಡಿ, "ಅಂತೂ ಬಂದ್ಯಲ್ಲ. ಇವಳು ಸೋಪು ನೋಡಿ ನೋಡಿ ಮನೆ ತುಂಬಾ ಸೋಪಾಗಿದೆ" ಅಂದರು. ಟೀಚರು, "ಬಾಯಿ ಮುಚ್ಕೊಂಡು ಮಲಗು" ಅಂದರು. ಮುಂದಿನ ರೂಮಿನ ಸೋಫಾದ ಮೇಲೆ ಮಲಗಿಸಿದೆವು.

ಅಲ್ಲಿಂದಲೇ ಡಿಪೋಗೆ ಫೋನ್ ಮಾಡಿದೆ. "ಹೇಳಿಬಿಟ್ಟೆ" ಅಂದೆ. ಆ ಕಡೆ ಇಂಜಿನ್ ಸದ್ದು ಮಾತ್ರ. ಆಮೇಲೆ ಲೈನ್ ಕಟ್.

ಹನ್ನೊಂದಕ್ಕೆ ಮಳೆ ಶುರುವಾಯಿತು. ಹನ್ನೆರಡಕ್ಕೆ ಇವರು ಬಂದರು, ಡಿಪೋದ ಹಾರೆ ಹಿಡಿದು. ನೇರ ಟೀಚರ ಅಂಗಳಕ್ಕೆ, ಗೋಡೆಯ ಬುಡಕ್ಕೆ. ತೂತಿನ ಸಿಮೆಂಟನ್ನು ಕುಟ್ಟತೊಡಗಿದರು. ಮೇಸ್ತ್ರಿ ನಿಲ್ಲಬೇಡಿ ಅಂದ ಜಾಗದಲ್ಲೇ.

ಅಂಗಳದ ಅಂಚಿನಿಂದ ಕೂಗಿದೆ. ಕೇಳಲಿಲ್ಲ. ಒಂದು ತೂತು ಒಡೆಯಿತು — ಕೆಸರು ನೀರು ಚಿಲ್ಲನೆ ಎದೆಗೆ. ಎರಡನೆಯದಕ್ಕೆ ಹೋದರು. ಮೇಲಿಂದ ಜಲ್ಲಿ ಉದುರುತ್ತಿತ್ತು, ಅವರ ತಲೆಯ ಮೇಲೆ, ಭುಜದ ಮೇಲೆ. ಒರೆಸಿಕೊಂಡು ಮತ್ತೆ ಕುಟ್ಟಿದರು.

ಆಗ ಟೀಚರು ಹಿಂದಿನ ಬಾಗಿಲಿಗೆ ಬಂದರು. ಶಾಲೆಯ ಮೈದಾನದ ದನಿ. "ಏಯ್! ಗೋಡೆ ನಿನ್ನ ಹಠ ನೋಡಲ್ಲ. ಹಾರೆ ಬಿಸಾಕಿ ಬಾರೋ ಈಚೆ!"

ನಾಲ್ಕು ವರ್ಷದಲ್ಲಿ ಇವರಿಗೆ ಅವರ ಮೊದಲ ಮಾತು. ಇವರು ತಿರುಗಿದರು. ಬೈಸಿಕೊಂಡ ಹುಡುಗನ ಹಾಗೆ ಎರಡು ಹೆಜ್ಜೆ ಇಟ್ಟರು, ಮೂರು...

ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ದೊಡ್ಡ ನಿಟ್ಟುಸಿರಿನ ಹಾಗೆ. ಗೋಡೆ ಮಂಡಿಯೂರಿ ಮುಂದಕ್ಕೆ ಮಲಗಿತು, ಹಿಂದೆಯೇ ನನ್ನ ಎರಡು ಲೋಡ್ ಮಣ್ಣು. ಕಿಟಕಿ ಒಳಗೆ ಹೋಯಿತು. ಇವರು ಮೊಣಕಾಲವರೆಗೂ ಮಣ್ಣಲ್ಲಿ. ಟೀಚರು ಒಂದು ಕೈ, ನಾನು ಒಂದು ಕೈ ಹಿಡಿದು ಎಳೆದೆವು. ಒಂದು ಬೂಟು ಒಳಗೇ ಉಳಿಯಿತು. ಪಾದ ಊದಿದೆ, ಮುರಿದಿಲ್ಲ.

ಆಮೇಲೆ ಹೋಗಿ ರೂಮು ನೋಡಿದೆ. ಮಂಚದ ತಲೆಯ ಕಡೆ, ದಿಂಬಿದ್ದ ಜಾಗದಲ್ಲಿ, ಅರ್ಧ ಆಳೆತ್ತರ ಮಣ್ಣು. ಅದರಲ್ಲಿ ಗಾಜು, ಕಲ್ಲು.

ಮಾರ್ಚ್ 9

ಐದು ದಿನ ಬರೆಯಲಿಲ್ಲ. ಬರೆಯಲು ಹೊತ್ತಿರಲಿಲ್ಲ, ಧೈರ್ಯವೂ.

ಇವರು ಕುಂಟುತ್ತಲೇ ದಿನಾ ಸಂಜೆ ಟೀಚರ ರೂಮಿನ ಮಣ್ಣು ಹೊರುತ್ತಿದ್ದಾರೆ. ಟೀಚರು ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಮಾತಿಲ್ಲ. "ಆ ಮೂಲೆ ಉಳೀತು" — ಇಷ್ಟೇ. ನೆನ್ನೆ ರಾತ್ರಿ ಊಟಕ್ಕೆ ಕೂತಾಗ ಇವರು, ತಟ್ಟೆಯನ್ನೇ ನೋಡುತ್ತಾ, "ನೀನು ಹೋಗದೆ ಇದ್ದಿದ್ರೆ..." ಅಂದರು. ನಾನು ಸಾರು ಬಡಿಸಿದೆ.

ತೂತಿನ ವಿಷಯ ಟೀಚರಿಗೆ ಹೇಳಿಲ್ಲ. ಗೋಡೆ ಹಳೆಯದು, ಬಿತ್ತು ಅಂತಲೇ ಬೀದಿಯೆಲ್ಲ ಮಾತು. ಬಿದ್ದ ಕಲ್ಲುಗಳಲ್ಲಿ ಸಿಮೆಂಟ್ ಮೆತ್ತಿದ್ದು ಬೆಳ್ಳಗೆ ಕಾಣುತ್ತದೆ. ಹೇಳದೆ ಇದ್ದರೆ ಇನ್ನೊಂದು ಒಂಬತ್ತು ದಿನ ಶುರು.

ಮಾರ್ಚ್ 12

ಹೇಳಿದೆ. ಅವರ ಅಂಗಳದಲ್ಲಿ, ಕಲ್ಲು ರಾಶಿಯ ಪಕ್ಕ ನಿಂತು. "ಟೀಚರೇ, ತೂತು ಮುಚ್ಚಿದ್ದು ನಾವೇ. ಸಿಮೆಂಟ್ ಕಲಸಿದ್ದು ನಾನು."

ಟೀಚರು ಕಲ್ಲೊಂದನ್ನು ಕಾಲಲ್ಲಿ ಹೊರಳಿಸಿದರು.

"ಗೊತ್ತು. ಅವತ್ತು ಕಿಟಕೀಲಿ ನಿಂತು ನೋಡ್ತಾ ಇದ್ದೆ."

"ಮತ್ತೆ ಯಾಕೆ..."

"ನಮ್ಮಂಗಳ ಒಣಗುತ್ತಲ್ಲ, ಸಾಕು ಅಂತ. ಮುಚ್ಚಬೇಡಿ, ಗೋಡೆ ಉಳಿಯಲ್ಲ ಅಂತ ಹೇಳೋ ಅಷ್ಟು ಓದಿದೀನಿ ನಾನು. ಹೇಳಲಿಲ್ಲ. ಗೆದ್ದೆ ಅಂದ್ಕೊಂಡೆ." ಮುರಿದ ಕಿಟಕಿಯ ಕಡೆ ತಿರುಗಿದರು. "ಅದೇ ಗೋಡೆಗೆ ತಲೆ ಕೊಟ್ಟು ಮಲಗಿಸಿದ್ದು ಯಾರನ್ನ?"

ಆಮೇಲೆ ಮೂಗು ಒರೆಸಿಕೊಂಡು ಅಂದರು: "ತೂತಿನ ಮಾತು ಬೇರೆ. ಆ ಒಂಬತ್ತು ದಿನದ ಮಾತೇ ಬೇರೆ. ಅದನ್ನ ನಾನು ಮರೆಯಲ್ಲ."

"ಮರೀಬೇಡಿ" ಅಂದೆ.

ಮಾರ್ಚ್ 16, ಭಾನುವಾರ

ಬಿಸಿಲು. ಮನೆಯ ಹತ್ತಿರದ ಮೂಲೆಯಲ್ಲಿ ಒಂದೇ ಪಾತಿ ಮಾಡಿದೆ. ಮೊಣಕಾಲೆತ್ತರಕ್ಕಿಂತ ಕಡಿಮೆ. ಬಿಸಿಲು ಅರ್ಧ ದಿನ ಮಾತ್ರ ಬೀಳುತ್ತದೆ. ಸೊಪ್ಪಿಗೆ ಸಾಕು.

ಗೋಡೆಯ ಜಾಗದಲ್ಲಿ ಈಗ ಏನೂ ಇಲ್ಲ. ಇಲ್ಲಿ ಕೂತರೆ ಟೀಚರ ಅಂಗಳ ಪೂರ್ತಿ ಕಾಣುತ್ತದೆ, ಅವರಿಗೆ ನಾವು. ಮೇಸ್ತ್ರಿ ಬಂದು ಪಾಯದ ದಾರ ಕಟ್ಟುತ್ತಿದ್ದಾನೆ. ಇವರು ಕೆಳಗಿಂದ, ಟೀಚರು ಪಕ್ಕದಿಂದ, ಇಬ್ಬರೂ ಅವನಿಗೆ ಬೇರೆ ಬೇರೆ ಹೇಳುತ್ತಿದ್ದಾರೆ. ನೀರಿಗೆ ಎಷ್ಟು ತೂತು ಅಂತ ಕೇಳಿದ. ಇವರು ಆರು ಅಂದರು. ಟೀಚರು ಎಂಟು ಅಂದರು. ದನಿ ಏರುತ್ತಿದೆ. ಟೀಚರು ಮೇಲಕ್ಕೆ ತಿರುಗಿ ನನ್ನನ್ನೇ ಕೂಗುತ್ತಿದ್ದಾರೆ, "ನೀನೇ ಬಂದು ಹೇಳಮ್ಮಾ, ಎಷ್ಟು ಬಿಡ್ಬೇಕು" ಅಂತ. ಕೈ ಒರೆಸಿಕೊಂಡು ಹೊರಟೆ.